ಕಾರ್ಡಿನ ಬಲ, ಕಾರ್ಡಿನ ಬೆಲೆ

ಟ್ರೇಡಿಂಗ್ ಕಾರ್ಡ್ ಆಟಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ: "ಇದರಲ್ಲಿ ಯಾವ ಕಾರ್ಡು ಒಳ್ಳೆಯದು?" ಕೇಳಲು ಒಂದೇ ಪ್ರಶ್ನೆಯಾದರೂ ಅದರೊಳಗೆ ಎರಡಿವೆ. ಆಡುವಾಗ ಈ ಕಾರ್ಡು ಎಷ್ಟು ಕೆಲಸಕ್ಕೆ ಬರುತ್ತದೆ ಎನ್ನುವುದು ಒಂದು. ಅಂಗಡಿಯಲ್ಲಿ ಇದಕ್ಕೆ ಎಷ್ಟು ದುಡ್ಡು ಎನ್ನುವುದು ಇನ್ನೊಂದು. ಬಲ ಬೇರೆ, ಬೆಲೆ ಬೇರೆ. ಇವೆರಡನ್ನೂ ಬಿಡಿಸಿ ನೋಡಲು ಕಲಿತವರಿಗೆ ಆಟ ಬೇಗ ಒಲಿಯುತ್ತದೆ, ಕೈ ಸುಟ್ಟುಕೊಳ್ಳುವ ಸಂದರ್ಭವೂ ಕಡಿಮೆ. ಬಹಳ ವರ್ಷಗಳಿಂದ ಆಡುತ್ತ, ಆಡಲು ಬಂದವರಿಗೆ ಹೇಳಿಕೊಡುತ್ತ ಇರುವ ನನಗೆ ಮೊದಲ ದಿನವೇ ಹೇಳಬೇಕಾದ ಪಾಠ ಇದೇ ಅನ್ನಿಸಿದೆ. ಆದ್ದರಿಂದ ಈ ಲೇಖನದಲ್ಲಿ ಆಟದ ನಿಯಮಕ್ಕಿಂತ ಹೆಚ್ಚಾಗಿ ಆಟದ ಸಮತೋಲನ, ಕಾರ್ಡಿನ ಮೌಲ್ಯ ಇವುಗಳ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ಉದಾಹರಣೆಗೆ ಮ್ಯಾಜಿಕ್: ದಿ ಗ್ಯಾದರಿಂಗ್ ಆಟವನ್ನು ತೆಗೆದುಕೊಳ್ಳೋಣ. ಈ ಬಗೆಯ ಆಟಗಳೆಲ್ಲ ಶುರುವಾದದ್ದೇ ಅಲ್ಲಿಂದ. ಪೋಕೆಮಾನ್ ಕಾರ್ಡುಗಳು 1996ರಲ್ಲಿ, ಯು-ಗಿ-ಓ ಕಾರ್ಡುಗಳು 1999ರಲ್ಲಿ ಜಪಾನಿನಲ್ಲಿ ಹೊರಬರುವ ಮೊದಲೇ, 1993ರ ಆಗಸ್ಟ್‌ನಲ್ಲಿ ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಆಗಿನ ಪುಟ್ಟ ಕಂಪನಿ ಮ್ಯಾಜಿಕ್ ಅನ್ನು ಮಾರಾಟಕ್ಕೆ ತಂದಿತ್ತು. ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಕ್ರಿಕೆಟ್ ಮತ್ತು ಕುಸ್ತಿಪಟುಗಳ ಟ್ರಂಪ್ ಕಾರ್ಡು ನೆನಪಿರಬಹುದು. ಅಲ್ಲಿ ಇಡೀ ಕಟ್ಟು ಒಂದೇ. ಅದನ್ನು ಹಂಚಿಕೊಂಡು, ದೊಡ್ಡ ಅಂಕಿಯಿದ್ದವರು ಎದುರಿನವರ ಕಾರ್ಡು ಗೆಲ್ಲುತ್ತಿದ್ದರು. ಮ್ಯಾಜಿಕ್‌ನಲ್ಲಿ ಹಾಗಲ್ಲ. ಇಲ್ಲಿ ಒಬ್ಬೊಬ್ಬರೂ ತಮ್ಮ ಕಟ್ಟನ್ನು, ಅಂದರೆ ಡೆಕ್ಕನ್ನು, ತಾವೇ ಜೋಡಿಸಿಕೊಂಡು ಬರುತ್ತಾರೆ. ಇದುವರೆಗೆ ಅಚ್ಚಾಗಿರುವ 25,000ಕ್ಕೂ ಹೆಚ್ಚು ಬೇರೆ ಬೇರೆ ಕಾರ್ಡುಗಳಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎನ್ನುವಲ್ಲಿಂದಲೇ ಆಟ ಶುರುವಾಗಿಬಿಡುತ್ತದೆ. ಸಮತೋಲನದ ಪ್ರಶ್ನೆ ಹುಟ್ಟುವುದೂ, ಬೆಲೆಯ ಪ್ರಶ್ನೆ ಹುಟ್ಟುವುದೂ ಅಲ್ಲಿಯೇ.

ಮೊದಲು ಮನಾ

ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬೊಬ್ಬರಿಗೂ 20 ಜೀವಾಂಕ. ಎದುರಾಳಿಯ ಜೀವಾಂಕವನ್ನು ಸೊನ್ನೆಗೆ ಇಳಿಸಿದವರು ಗೆದ್ದಂತೆ. ಕನಿಷ್ಠ 60 ಕಾರ್ಡಿನ ಡೆಕ್ಕು, ಆರಂಭದಲ್ಲಿ ಕೈಯಲ್ಲಿ ಏಳು ಕಾರ್ಡು, ಸರದಿ ಬಂದಾಗಲೆಲ್ಲ ಇನ್ನೊಂದು ಕಾರ್ಡು ಎಳೆಯುವುದು. ಡೆಕ್ಕಿನಲ್ಲಿ ಲ್ಯಾಂಡ್ ಎಂಬ ಕಾರ್ಡುಗಳಿರುತ್ತವೆ, ಅವು ಮನಾ ಕೊಡುತ್ತವೆ. ಉಳಿದ ಕಾರ್ಡುಗಳನ್ನು ಆಡಬೇಕಾದರೆ ಮನಾ ತೆರಬೇಕು. ಒಂದು ಸರದಿಗೆ ಒಂದೇ ಲ್ಯಾಂಡ್ ಹಾಕಬಹುದು. ಆದ್ದರಿಂದ ಮೊದಲ ಸರದಿಯಲ್ಲಿ ಒಂದು ಮನಾ, ಎರಡನೆಯದರಲ್ಲಿ ಎರಡು, ಹೀಗೆ ಏರುತ್ತ ಹೋಗುತ್ತದೆ.

ಈ ಒಂದು ನಿಯಮ ಚೆನ್ನಾಗಿ ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ. ಏಕೆಂದರೆ ಕಾರ್ಡಿನ ಮೇಲಿನ ಮೂಲೆಯಲ್ಲಿ ಬರೆದಿರುವ ಮನಾ ಸಂಖ್ಯೆ ಬರೀ ಖರ್ಚಿನ ಲೆಕ್ಕವಲ್ಲ, ಆ ಕಾರ್ಡು ಆಟದಲ್ಲಿ ಎಷ್ಟು ಹೊತ್ತಿಗೆ ಇಳಿಯಬಹುದು ಎನ್ನುವುದರ ಲೆಕ್ಕವೂ ಹೌದು. ಗ್ರಿಜ್ಲಿ ಬೇರ್ಸ್ ಎಂಬ ಹಳೆಯ ಜೀವಿ ಕಾರ್ಡು, ಅಂದರೆ ಮೇಜಿಗೆ ಇಳಿದು ಕಾದಾಡುವ ಕಾರ್ಡು, ನೋಡಿ. ಎರಡು ಮನಾ, ಹೊಡೆತ 2, ತಾಳಿಕೆ 2, ಬೇರೆ ಯಾವ ವಿಶೇಷವೂ ಇಲ್ಲ. ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಇನ್ನೊಂದು ಕಾರ್ಡು ಎರಡೇ ಮನಾಗೆ ಇದಕ್ಕಿಂತ ಹೆಚ್ಚು ಕೊಡುತ್ತಿದೆಯೆಂದರೆ, ಆ ಹೆಚ್ಚಿನದಕ್ಕೆ ಬದಲಾಗಿ ಏನಾದರೂ ಕಿತ್ತುಕೊಳ್ಳುತ್ತಿದೆಯೇ ಎಂದು ಕೇಳಿಕೊಳ್ಳಿ. ಏನೂ ಕಿತ್ತುಕೊಳ್ಳುತ್ತಿಲ್ಲವಾದರೆ ಅದು ಬಲವಾದ ಕಾರ್ಡು.

ಐದು ಕಾರ್ಡು, ಐದರಲ್ಲೂ ಮೂರು

ಸಮತೋಲನ ಎಷ್ಟು ಸೂಕ್ಷ್ಮದ ವಿಷಯ ಎಂದು ತೋರಿಸಲು ನಾನು ಯಾವಾಗಲೂ ಐದು ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತೇನೆ. ಹಳೆಯ ಮುದ್ರಣದವು ದುಬಾರಿಯಾದ್ದರಿಂದ ಹಾಳೆಯಲ್ಲಿ ಬರೆದಿಟ್ಟರೂ ಸಾಕು. 1993ರ ಮೊದಲ ಮುದ್ರಣಕ್ಕೆ ಆಲ್ಫಾ ಎಂದು ಹೆಸರು, ಅದರಲ್ಲಿದ್ದದ್ದು 295 ಕಾರ್ಡು. ಆಟದ ಐದು ಬಣ್ಣಗಳಿಗೂ ಅದರಲ್ಲಿ ಒಂದೊಂದು ಕಾರ್ಡನ್ನು ಒಂದೇ ಅಚ್ಚಿನಲ್ಲಿ ರೂಪಿಸಿದ್ದರು: ಖರ್ಚು ಒಂದು ಮನಾ, ಸಿಗುವುದು ಮೂರು.

ಬಿಳಿಯ ಹೀಲಿಂಗ್ ಸಾಲ್ವ್ ಮೂರು ಜೀವಾಂಕ ಕೊಡುತ್ತದೆ. ಹಸಿರಿನ ಜೈಂಟ್ ಗ್ರೋತ್ ಒಂದು ಜೀವಿಯ ಹೊಡೆತ, ತಾಳಿಕೆ ಎರಡನ್ನೂ ಆ ಸರದಿಯ ಮಟ್ಟಿಗೆ ಮೂರು ಏರಿಸುತ್ತದೆ. ಕಪ್ಪಿನ ಡಾರ್ಕ್ ರಿಚುಯಲ್ ಮೂರು ಮನಾ ಕೊಡುತ್ತದೆ. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಅಂಕದ ಪೆಟ್ಟು ಕೊಡುತ್ತದೆ. ನೀಲಿಯ ಆನ್ಸೆಸ್ಟ್ರಲ್ ರಿಕಾಲ್ ಮೂರು ಕಾರ್ಡು ಎಳೆಯಲು ಬಿಡುತ್ತದೆ.

ಕಾಗದದ ಮೇಲೆ ಐದೂ ಸಮ. ಮೇಜಿನ ಮೇಲೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಏಕೆ ಎಂದು ಒಂದೊಂದಾಗಿ ನೋಡೋಣ.

ಹೀಲಿಂಗ್ ಸಾಲ್ವ್ ಆಡಿದಾಗ ನಿಮ್ಮ ಕೈಯಿಂದ ಒಂದು ಕಾರ್ಡು ಹೋಯಿತು, ಮೂರು ಜೀವಾಂಕ ಬಂತು. ಎದುರಾಳಿಯ ಜೀವಿ ಅಲ್ಲೇ ನಿಂತಿದೆ, ಮುಂದಿನ ಸರದಿಯಲ್ಲಿ ಮತ್ತೆ ಹೊಡೆಯುತ್ತದೆ. ಕಷ್ಟ ಮುಂದಕ್ಕೆ ಹೋಯಿತೇ ಹೊರತು ಪರಿಹಾರವಾಗಲಿಲ್ಲ. ಜೈಂಟ್ ಗ್ರೋತ್ ಒಂದು ಕಾಳಗವನ್ನು ಗೆಲ್ಲಿಸಬಲ್ಲದು. ಆದರೆ ಅದೇ ಹೊತ್ತಿಗೆ ಎದುರಾಳಿ ನಿಮ್ಮ ಜೀವಿಯನ್ನು ಕೊಂದರೆ ಜೀವಿಯೂ ಹೋಯಿತು, ಈ ಕಾರ್ಡೂ ಹೋಯಿತು. ಡಾರ್ಕ್ ರಿಚುಯಲ್ ಇದ್ದರೆ ಮೂರನೆಯ ಸರದಿಯಲ್ಲಿ ಇಳಿಯಬೇಕಾದ ಕಾರ್ಡು ಮೊದಲ ಸರದಿಯಲ್ಲೇ ಇಳಿಯುತ್ತದೆ. ಇದು ನಿಜವಾದ ಬಲ, ಆದರೆ ಆಟ ಮುಂದುವರಿದ ಮೇಲೆ ಇದೇ ಕಾರ್ಡು ಕೈಗೆ ಬಂದರೆ ಹೆಚ್ಚು ಪ್ರಯೋಜನವಿಲ್ಲ. ಲೈಟ್ನಿಂಗ್ ಬೋಲ್ಟ್ ಯಾವ ಹೊತ್ತಿನಲ್ಲೂ ಉಪಯೋಗಕ್ಕೆ ಬರುತ್ತದೆ. ಜೀವಿಯನ್ನು ಕೊಲ್ಲಬಹುದು ಅಥವಾ ನೇರವಾಗಿ ಎದುರಾಳಿಯನ್ನೇ ಹೊಡೆಯಬಹುದು. ಎರಡು ಮೂರು ಮನಾ ಕೊಟ್ಟು ಇಳಿಸಿದ ಜೀವಿಯನ್ನು ಒಂದು ಮನಾದಲ್ಲಿ ತೆಗೆದರೆ ಉಳಿದ ಮನಾ ನಿಮ್ಮ ಲಾಭ.

ಇನ್ನು ಆನ್ಸೆಸ್ಟ್ರಲ್ ರಿಕಾಲ್. ಮೇಲಿನ ನಾಲ್ಕೂ ಒಂದು ಕಾರ್ಡು ಕೊಟ್ಟು ಒಂದು ಕೆಲಸ ಮಾಡಿಸಿಕೊಳ್ಳುವಂಥವು. ಇದು ಒಂದು ಕಾರ್ಡು ಕೊಟ್ಟು ಮೂರು ಕಾರ್ಡು ಪಡೆಯುವಂಥದು. ಆ ಮೂರರಲ್ಲಿ ಒಂದು ಲ್ಯಾಂಡ್ ಆಗಬಹುದು, ಒಂದು ಬೋಲ್ಟ್ ಆಗಬಹುದು, ಇನ್ನೊಂದು ಗೆಲ್ಲಿಸುವ ಜೀವಿಯೇ ಆಗಬಹುದು. ಎದುರಾಳಿ ಎರಡು ಸರದಿ ಕಾದು ಎಳೆಯಬೇಕಾದಷ್ಟು ಕಾರ್ಡು ನಿಮಗೆ ಒಂದೇ ಮನಾದಲ್ಲಿ ಹೆಚ್ಚುವರಿಯಾಗಿ ಸಿಕ್ಕಿತು. ಈ ಕೆಲಸದ ಸರಿಯಾದ ಖರ್ಚು ಎಷ್ಟು ಎಂಬುದಕ್ಕೆ ಆಟದ ಚರಿತ್ರೆಯೇ ಉತ್ತರ ಕೊಟ್ಟಿದೆ. 2001ರಲ್ಲಿ ಬಂದ ಕಾನ್ಸಂಟ್ರೇಟ್ ಎಂಬ ಕಾರ್ಡು ಮಾಡುವುದೂ ಅಷ್ಟೇ, ಮೂರು ಕಾರ್ಡು ಎಳೆಯಲು ಬಿಡುವುದು. ಅದಕ್ಕೆ ನಿಗದಿಯಾದದ್ದು ನಾಲ್ಕು ಮನಾ.

ಇದರಿಂದ ಕಲಿಯಬೇಕಾದದ್ದು ಇಷ್ಟು. ಕಾರ್ಡನ್ನು ಓದುವಾಗ ಅದರ ಅಂಕಿಯನ್ನಷ್ಟೇ ನೋಡಬೇಡಿ. ಆ ಅಂಕಿ ಯಾವುದರದು ಎಂದು ನೋಡಿ. ಬಳಿಕ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಕಾರ್ಡು ಆಡಿದ ಮೇಲೆ ನನ್ನ ಕೈಯಲ್ಲಿ ಎಷ್ಟು ಕಾರ್ಡು ಉಳಿಯುತ್ತದೆ? ಆಟದ ಆರಂಭದಲ್ಲೂ ಕೊನೆಯಲ್ಲೂ ಇದು ಕೆಲಸಕ್ಕೆ ಬರುತ್ತದೆಯೇ? ಇದಕ್ಕೆ ಎದುರಾಳಿ ಏನು ಉತ್ತರ ಕೊಡಬಹುದು?

ಅಪರೂಪ ಎಂಬ ಬೇಲಿ ನಿಲ್ಲಲಿಲ್ಲ

ಆನ್ಸೆಸ್ಟ್ರಲ್ ರಿಕಾಲ್ ಉಳಿದ ನಾಲ್ಕಕ್ಕಿಂತ ಬಲವಾದದ್ದು ಎಂಬುದು ಗಾರ್ಫೀಲ್ಡ್ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆ ನಾಲ್ಕನ್ನು ಕಾಮನ್ ಕಾರ್ಡಾಗಿ ಅಚ್ಚು ಹಾಕಿ, ಇದೊಂದನ್ನು ರೇರ್ ಮಾಡಿದ್ದರು. ಒಳಗೆ ಯಾವ ಕಾರ್ಡಿದೆಯೆಂದು ತಿಳಿಯದಂತೆ ಮುಚ್ಚಿ ಮಾರುವ ಪ್ಯಾಕಿನಲ್ಲಿ ಕಾಮನ್ ಹೆಚ್ಚು, ಅನ್‌ಕಾಮನ್ ಕೆಲವು, ರೇರ್ ಒಂದು. ಆಲ್ಫಾ ಮುದ್ರಣದಲ್ಲಿ ಒಂದೊಂದು ರೇರ್ ಕಾರ್ಡೂ ಅಚ್ಚಾದದ್ದು ಸುಮಾರು 1,100 ಪ್ರತಿ ಮಾತ್ರ. ಜನ ಸ್ವಲ್ಪ ದುಡ್ಡು ಹಾಕಿ ಒಂದಷ್ಟು ಪ್ಯಾಕು ಕೊಳ್ಳುತ್ತಾರೆ, ಒಂದು ಗೆಳೆಯರ ಗುಂಪಿನಲ್ಲಿ ಇಂಥ ಕಾರ್ಡು ಒಂದೋ ಎರಡೋ ಇರುತ್ತದೆ, ಅಷ್ಟರಿಂದ ಆಟ ಕೆಡುವುದಿಲ್ಲ ಎಂಬುದು ಅಂದಿನ ನಂಬಿಕೆ.

ಆದರೆ ಆಟಕ್ಕೆ ಸಿಕ್ಕ ಜನಪ್ರಿಯತೆ ಆ ಲೆಕ್ಕವನ್ನೇ ತಲೆಕೆಳಗು ಮಾಡಿತು. ಜನ ಪೆಟ್ಟಿಗೆಗಟ್ಟಲೆ ಕೊಂಡರು, ಬದಲಾಯಿಸಿಕೊಂಡರು, ಬೇಕಾದ್ದನ್ನು ಹುಡುಕಿ ಒಟ್ಟು ಮಾಡಿದರು. ಆಗಿನ ನಿಯಮದ ಪ್ರಕಾರ ಡೆಕ್ಕಿಗೆ 40 ಕಾರ್ಡು ಸಾಕಿತ್ತು, ಒಂದೇ ಕಾರ್ಡನ್ನು ಎಷ್ಟು ಬೇಕಾದರೂ ಹಾಕಬಹುದಿತ್ತು. ಬ್ಲ್ಯಾಕ್ ಲೋಟಸ್ ಎಂಬ ಕಾರ್ಡಿಗೆ ಖರ್ಚೇ ಇಲ್ಲ. ಅದನ್ನು ತ್ಯಾಗ ಮಾಡಿದರೆ ಒಂದೇ ಬಣ್ಣದ ಮೂರು ಮನಾ. ಅಂಥವು ಡೆಕ್ಕಿನ ತುಂಬ ಇದ್ದರೆ ಎದುರಾಳಿಗೆ ಒಂದು ಸರದಿಯೂ ಸಿಗದೆ ಆಟ ಮುಗಿಯಬಹುದಿತ್ತು. 1994ರಲ್ಲಿ ಟೂರ್ನಿಗಳಿಗೆ ನಿಯಮ ಬಂತು: ಡೆಕ್ಕಿಗೆ ಕನಿಷ್ಠ 60 ಕಾರ್ಡು, ಬೇಸಿಕ್ ಲ್ಯಾಂಡ್ ಬಿಟ್ಟು ಯಾವ ಕಾರ್ಡೂ ನಾಲ್ಕಕ್ಕಿಂತ ಹೆಚ್ಚಿಲ್ಲ, ಅತಿ ಬಲಶಾಲಿಯಾದವು ಒಂದೊಂದೇ. ಬ್ಲ್ಯಾಕ್ ಲೋಟಸ್, ಐದು ಮಾಕ್ಸ್‌ಗಳು, ಆನ್ಸೆಸ್ಟ್ರಲ್ ರಿಕಾಲ್, ಟೈಮ್ ವಾಕ್, ಟೈಮ್‌ಟ್ವಿಸ್ಟರ್ ಈ ಒಂಬತ್ತನ್ನು ಆಟಗಾರರು ಇಂದಿಗೂ ಪವರ್ ನೈನ್ ಎಂದೇ ಕರೆಯುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯ ಖಚಿತ. ಅಪರೂಪ ಮಾಡುವುದರಿಂದ ಬಲವಾದ ಕಾರ್ಡು ಅಂಕೆಗೆ ಬರುವುದಿಲ್ಲ. ಅದು ಯಾರ ಕೈ ಸೇರಬೇಕು ಎಂಬುದಷ್ಟೇ ತೀರ್ಮಾನವಾಗುತ್ತದೆ, ಹಾಗೆ ಸೇರುವುದು ದುಡ್ಡಿದ್ದವರ ಕೈ. ರೇರ್ ಎಂಬ ದರ್ಜೆಗೆ ಬೇರೆ ಒಳ್ಳೆಯ ಉಪಯೋಗವಿದೆ. ಡ್ರಾಫ್ಟ್ ಎಂಬ ಆಟದಲ್ಲಿ ಎಲ್ಲರೂ ಹೊಸ ಪ್ಯಾಕು ಒಡೆದು, ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತ ಅಲ್ಲೇ ಡೆಕ್ಕು ಕಟ್ಟುತ್ತಾರೆ. ಓದಲು ಕಷ್ಟವಾದ, ವಿಚಿತ್ರ ನಿಯಮಗಳ ಕಾರ್ಡು ಅಲ್ಲಿ ವಿರಳವಾಗಿದ್ದರೆ ಹೊಸಬರಿಗೆ ತಲೆ ತಿರುಗುವುದಿಲ್ಲ. ರೇರ್ ಎಂದರೆ ವಿಶೇಷವಾದದ್ದು ಎಂದಿರಲಿ. ಅದಿಲ್ಲದೆ ಗೆಲ್ಲಲು ಆಗದು ಎಂಬಂತೆ ಆಗಬಾರದು.

ಶಿಕ್ಷೆಯೇ ಬಹುಮಾನವಾದ ಕಾರ್ಡು

ಕಂಪನಿ ಎಷ್ಟೇ ಎಚ್ಚರವಹಿಸಿದರೂ ಕೆಲವು ಕಾರ್ಡು ಕೈ ಮೀರುತ್ತವೆ. ಅದು ಹೇಗೆ ಎಂಬುದಕ್ಕೆ 2004ರ ಫೆಬ್ರವರಿಯಲ್ಲಿ ಡಾರ್ಕ್‌ಸ್ಟೀಲ್ ಎಂಬ ಸಂಪುಟದಲ್ಲಿ ಬಂದ ಸ್ಕಲ್‌ಕ್ಲ್ಯಾಂಪ್ ಅನ್ನು ಹತ್ತಿರದಿಂದ ನೋಡಿ.

ಅದೊಂದು ಆಯುಧ. ಇಳಿಸಲು ಒಂದು ಮನಾ, ಜೀವಿಗೆ ತೊಡಿಸಲು ಇನ್ನೊಂದು ಮನಾ. ತೊಟ್ಟ ಜೀವಿಯ ಹೊಡೆತ ಒಂದು ಏರುತ್ತದೆ, ತಾಳಿಕೆ ಒಂದು ಇಳಿಯುತ್ತದೆ. ಆ ಜೀವಿ ಸತ್ತರೆ ನಿಮಗೆ ಎರಡು ಕಾರ್ಡು. ಸಿದ್ಧತೆಯ ಹಂತದಲ್ಲಿ ಇದು ತಾಳಿಕೆಯನ್ನೂ ಹೆಚ್ಚಿಸುತ್ತಿತ್ತು. ಕೊನೆಕೊನೆಗೆ ಇಳಿಸುವಂತೆ ಬದಲಾಯಿಸಿದರು. ಮೇಲ್ನೋಟಕ್ಕೆ ಕಾರ್ಡನ್ನು ದುರ್ಬಲ ಮಾಡಿದ ಬದಲಾವಣೆ.

ಈಗ ತಾಳಿಕೆ 1 ಇರುವ ಚಿಕ್ಕ ಜೀವಿಗೆ ತೊಡಿಸಿ. ತಾಳಿಕೆ ಸೊನ್ನೆಯಾಯಿತು, ಜೀವಿ ಅಲ್ಲೇ ಸತ್ತಿತು, ಎರಡು ಕಾರ್ಡು ಕೈಗೆ ಬಂತು. ಆಯುಧ ಮೇಜಿನ ಮೇಲೆ ಹಾಗೇ ಇದೆ. ಇನ್ನೊಂದು ಮನಾ, ಇನ್ನೊಂದು ಚಿಕ್ಕ ಜೀವಿ, ಮತ್ತೆ ಎರಡು ಕಾರ್ಡು. ಎದುರಾಳಿ ನಿಮ್ಮ ಜೀವಿಯನ್ನು ಕೊಂದರೂ ನಿಮಗೇ ಲಾಭ. ಕೊರತೆ ಎಂದು ಇಟ್ಟದ್ದೇ ಬಹಳ ಅಗ್ಗವಾಗಿ ಕಾರ್ಡು ಎಳೆಯುವ ದಾರಿಯಾಯಿತು. ಇದು ರೇರ್ ಅಲ್ಲ, ಅನ್‌ಕಾಮನ್ ಎಂಬುದನ್ನೂ ಗಮನಿಸಿ. ನಾಲ್ಕು ತಿಂಗಳಲ್ಲಿ, 2004ರ ಜೂನ್‌ನಲ್ಲಿ, ಸ್ಟ್ಯಾಂಡರ್ಡ್ ಎಂಬ ಬಗೆಯ ಟೂರ್ನಿಗಳಿಂದ ಅದನ್ನು ಬ್ಯಾನ್ ಮಾಡಿದರು. ಆದರೆ ಅದೇ ಕಾಲದ ಇತರ ಅತಿರೇಕದ ಕಾರ್ಡುಗಳನ್ನು ಮುಟ್ಟಲಿಲ್ಲ. ಲೋಹದ ಯಂತ್ರಗಳಿಂದ ಕಟ್ಟಿದ ಒಂದೇ ಬಗೆಯ ಡೆಕ್ಕು ಎಲ್ಲೆಡೆ ಮೆರೆಯಿತು, ಆಟಗಾರರು ಬೇಸತ್ತರು. ಕೊನೆಗೆ 2005ರ ಮಾರ್ಚ್‌ನಲ್ಲಿ ಎಂಟು ಕಾರ್ಡುಗಳನ್ನು ಒಟ್ಟಿಗೆ ಬ್ಯಾನ್ ಮಾಡಬೇಕಾಯಿತು.

ಇಪ್ಪತ್ತು ವರ್ಷದ ಬಳಿಕವೂ ಇದೇ ಕಥೆ ಮರುಕಳಿಸಿತು. 2024ರ ಜೂನ್‌ನಲ್ಲಿ ಬಂದ ನಾಡೂ, ವಿಂಗ್ಡ್ ವಿಸ್ಡಮ್ ಎಂಬ ಕಾರ್ಡಿನ ಅಂತಿಮ ರೂಪ ಕೊನೆಗಳಿಗೆಯಲ್ಲಿ ಬದಲಾಗಿತ್ತು, ಆ ರೂಪದಲ್ಲಿ ಅದನ್ನು ಆಡಿ ಪರೀಕ್ಷಿಸಿರಲಿಲ್ಲ ಎಂದು ಅದರ ವಿನ್ಯಾಸಕಾರರೇ ಬರೆದು ತಿಳಿಸಿದರು. ಆಗಸ್ಟ್‌ನಲ್ಲಿ ಮಾಡರ್ನ್ ಎಂಬ ಇನ್ನೊಂದು ಬಗೆಯ ಟೂರ್ನಿಗಳಿಂದ ಅದು ಹೊರಬಿತ್ತು. ತಪ್ಪನ್ನು ಹೀಗೆ ಬಿಚ್ಚಿ ಹೇಳಿದ್ದು ನನಗೆ ಬಹಳ ಮೆಚ್ಚಿಗೆಯಾದ ವಿಷಯ. ಆಟ ಆಡುವವರಿಗೆ ಕಾರಣ ತಿಳಿಯುವ ಹಕ್ಕಿದೆ.

ಬ್ಯಾನ್ ಎಂದರೆ ಹೊಸಬರು ಗಾಬರಿಯಾಗುತ್ತಾರೆ. ದುಡ್ಡು ಕೊಟ್ಟು ಕೊಂಡದ್ದನ್ನು ಆಡಬೇಡ ಎನ್ನುವುದು ಅನ್ಯಾಯವಲ್ಲವೇ ಎಂದು ಕೇಳುತ್ತಾರೆ. ನಷ್ಟ ನಿಜ. ಆದರೆ ಬ್ಯಾನ್ ಮಾಡದಿದ್ದಾಗ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಒಂದು ಕಾರ್ಡು ಉಳಿಯಲೆಂದು ನೂರು ಕಾರ್ಡು ನಿರುಪಯೋಗಿಯಾಗುತ್ತವೆ, ಎದುರಿಗೆ ಕೂತು ಆಡುವವರೇ ಇಲ್ಲವಾಗುತ್ತಾರೆ. ಬೇಗ ಮಾಡುವ ಬ್ಯಾನ್ ತಡವಾಗಿ ಮಾಡುವುದಕ್ಕಿಂತ ಯಾವಾಗಲೂ ಮೇಲು ಎಂದು 2004–05ರ ಅನುಭವ ಕಲಿಸಿದೆ.

ಸಮತೋಲನ ಎಂದರೆ ಎಲ್ಲವೂ ಸಮ ಎಂದಲ್ಲ

ಹಾಗಾದರೆ ಎಲ್ಲ ಕಾರ್ಡೂ ಒಂದೇ ಬಲದ್ದಾಗಿದ್ದರೆ ಚೆನ್ನವೇ? ಅಲ್ಲ. ಹಾಗಿದ್ದರೆ ಆರಿಸುವ ಕೆಲಸವೇ ಇಲ್ಲ, ಆರಿಸುವುದಿಲ್ಲವೆಂದರೆ ಡೆಕ್ಕು ಕಟ್ಟುವ ಸುಖವೂ ಇಲ್ಲ. ನಾನು ಸಮತೋಲನವನ್ನು ಅಳೆಯುವುದು ಬೇರೆ ರೀತಿಯಲ್ಲಿ. ಚುರುಕಾಗಿ ನುಗ್ಗುವ ಡೆಕ್ಕು, ತಾಳ್ಮೆಯಿಂದ ತಡೆದು ಗೆಲ್ಲುವ ಡೆಕ್ಕು, ಕೆಲವು ಕಾರ್ಡುಗಳನ್ನು ಹೊಂದಿಸಿ ಒಮ್ಮೆಗೇ ಮುಗಿಸುವ ಡೆಕ್ಕು ಈ ಮೂರಕ್ಕೂ ಗೆಲ್ಲುವ ಅವಕಾಶ ಇದೆಯೇ? ಎಷ್ಟೇ ಬಲವಾದ ಕಾರ್ಡಿಗೂ ಇನ್ನೊಬ್ಬರ ಕೈಯಲ್ಲಿ ಉತ್ತರ ಇರಬಹುದೇ? ಸೋತವರು ಎದ್ದು ಹೋಗುವಾಗ "ಆ ಸರದಿಯಲ್ಲಿ ಬೇರೆ ರೀತಿ ಆಡಿದ್ದರೆ" ಎಂದು ಯೋಚಿಸುತ್ತಾರೆಯೇ? ಮೂರಕ್ಕೂ ಹೌದು ಎಂದರೆ ಆಟ ಆರೋಗ್ಯವಾಗಿದೆ.

ಸಮತೋಲನ ಆಡುವ ಬಗೆಯನ್ನೂ ಅವಲಂಬಿಸಿದೆ. ಬಗೆಗೆ ಇಲ್ಲಿ ಫಾರ್ಮ್ಯಾಟ್ ಎನ್ನುತ್ತಾರೆ. ಸ್ಟ್ಯಾಂಡರ್ಡ್‌ನಲ್ಲಿ ಇತ್ತೀಚಿನ ಸಂಪುಟಗಳು ಮಾತ್ರ. ಮಾಡರ್ನ್‌ನಲ್ಲಿ 2003ರಿಂದ ಈಚಿನವು. ವಿಂಟೇಜ್‌ನಲ್ಲಿ ಬಹುತೇಕ ಎಲ್ಲವೂ ನಡೆಯುತ್ತವೆ, ಪವರ್ ನೈನ್ ಕೂಡ, ಆದರೆ ಒಂದೊಂದೇ ಪ್ರತಿ. ಇಂದು ಹೆಚ್ಚು ಜನ ಕೂತು ಆಡುವ ಕಮಾಂಡರ್‌ನಲ್ಲಿ 100 ಕಾರ್ಡು, ಬೇಸಿಕ್ ಲ್ಯಾಂಡ್ ಬಿಟ್ಟು ಒಂದೊಂದೇ ಪ್ರತಿ, 40 ಜೀವಾಂಕ, ಸಾಮಾನ್ಯವಾಗಿ ನಾಲ್ವರು ಆಟಗಾರರು. ಮಾಡರ್ನ್‌ನಲ್ಲಿ ಬ್ಯಾನ್ ಆಗಿರುವ ಸ್ಕಲ್‌ಕ್ಲ್ಯಾಂಪ್ ಕಮಾಂಡರ್‌ನ ಸಿದ್ಧ ಡೆಕ್ಕುಗಳ ಪೆಟ್ಟಿಗೆಯಲ್ಲೇ ಸಿಗುತ್ತದೆ. ನಾಲ್ಕು ಪ್ರತಿಯ ಬದಲು ನೂರರಲ್ಲಿ ಒಂದು, ಒಬ್ಬರ ಬದಲು ಮೂವರು ಎದುರಾಳಿಗಳು ಎಂದಾಗ ಅದರ ಹಾವಳಿ ಅಷ್ಟಕ್ಕಷ್ಟೆ. ಆದ್ದರಿಂದ "ಈ ಕಾರ್ಡು ಬಲವಾದದ್ದೇ?" ಎಂದು ಯಾರಾದರೂ ಕೇಳಿದರೆ "ಯಾವ ಫಾರ್ಮ್ಯಾಟಿನಲ್ಲಿ?" ಎಂದು ಮರುಪ್ರಶ್ನೆ ಹಾಕುವುದನ್ನು ರೂಢಿಸಿಕೊಳ್ಳಿ.

ಬೆಲೆ ಹುಟ್ಟುವ ಬಗೆ

ಇನ್ನು ದುಡ್ಡಿನ ಮಾತು. ಕಾರ್ಡಿನ ಬೆಲೆಗೆ ಮುಖ್ಯವಾಗಿ ಮೂರು ಬೇರುಗಳಿವೆ: ಆಡಲು ಎಷ್ಟು ಜನಕ್ಕೆ ಬೇಕು, ಎಷ್ಟು ಪ್ರತಿಗಳಿವೆ, ಸಂಗ್ರಹಕಾರರಿಗೆ ಅದರ ಮೇಲೆ ಎಷ್ಟು ಆಸೆ. ಆಡುವವರ ಬೇಡಿಕೆಯಿಂದ ಬಂದ ಬೆಲೆ ಆಟದ ಜೊತೆಗೇ ಏರುತ್ತದೆ, ಇಳಿಯುತ್ತದೆ. ಪ್ರತಿಗಳ ಕೊರತೆಯಿಂದ ಬಂದ ಬೆಲೆ, ಮತ್ತೆ ಅಚ್ಚು ಹಾಕಿದ ದಿನ ಕುಸಿಯುತ್ತದೆ.

ಹಾಗೆ ಕುಸಿದದ್ದೇ ದೊಡ್ಡ ಜಗಳಕ್ಕೆ ಕಾರಣವಾಯಿತು. 1995ರಲ್ಲಿ ಕ್ರಾನಿಕಲ್ಸ್ ಎಂಬ ಸಂಪುಟದಲ್ಲಿ ಮೊದಲ ವರ್ಷಗಳ ಅಪರೂಪದ ಕಾರ್ಡುಗಳು ಮತ್ತೆ ಅಚ್ಚಾದವು. ಆಡುವವರಿಗೆ ಹಬ್ಬ, ದುಡ್ಡು ಹಾಕಿ ಕೂಡಿಟ್ಟವರಿಗೆ ಸಿಟ್ಟು. ಆ ಸಿಟ್ಟಿಗೆ ಮಣಿದು ಕಂಪನಿ 1996ರಲ್ಲಿ ರಿಸರ್ವ್ಡ್ ಲಿಸ್ಟ್ ಎಂಬ ಪಟ್ಟಿ ಮಾಡಿ, ಇವುಗಳನ್ನು ಇನ್ನೆಂದೂ ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ಪವರ್ ನೈನ್ ಮಾತ್ರವಲ್ಲ, ಎರಡು ಬಣ್ಣದ ಮನಾ ಕೊಡುವ ಹಳೆಯ ಡ್ಯುಯಲ್ ಲ್ಯಾಂಡುಗಳೂ ಆ ಪಟ್ಟಿ ಸೇರಿದವು. ಅವು ಕೊನೆಯ ಬಾರಿ ಆಟಕ್ಕೆಂದು ಅಚ್ಚಾದದ್ದು 1994ರಲ್ಲಿ. ಇಂದು ಒಂದೊಂದಕ್ಕೂ ನೂರಾರು ಡಾಲರ್. ಅವನ್ನೇ ನೆಚ್ಚಿಕೊಂಡ ಲೆಗಸಿ ಎಂಬ ಸೊಗಸಾದ ಫಾರ್ಮ್ಯಾಟ್ ಹೊಸಬರಿಗೆ ಎಟುಕದಂತಾಗಿದೆ. 2022ರಲ್ಲಿ ಮೂವತ್ತನೆಯ ವರ್ಷದ ನೆನಪಿಗೆಂದು ಆ ಹಳೆಯ ಕಾರ್ಡುಗಳನ್ನು ಟೂರ್ನಿಯಲ್ಲಿ ಆಡಲು ಬಾರದ ರೂಪದಲ್ಲಿ ಅಚ್ಚು ಹಾಕಿದಾಗ ನಾಲ್ಕು ಪ್ಯಾಕಿಗೆ 999 ಡಾಲರ್ ಇಟ್ಟರು. ಆಡಲು ಆಗದ ಕಾರ್ಡಿಗೆ, ಆಡುವವರ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡು ಅಷ್ಟು ಬೆಲೆ ಇಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ.

ರೀಪ್ರಿಂಟ್ ಆಗಬೇಕು, ಧಾರಾಳವಾಗಿ ಆಗಬೇಕು ಎಂಬುದು ನನ್ನ ನಿಲುವು. ಹಳೆಯ ಮೊದಲ ಮುದ್ರಣಕ್ಕೆ ಸಂಗ್ರಹಕಾರರು ಕೊಡುವ ಬೆಲೆ ಬೇರೆ, ಅದು ಅಷ್ಟು ಸುಲಭಕ್ಕೆ ಅಳಿಯದು. ಆಡಲು ಬೇಕಾದ ಪ್ರತಿ ಮಾತ್ರ ಆಡುವವರ ಕೈಗೆಟುಕಬೇಕು.

ಬಲ ಮತ್ತು ಬೆಲೆ ಎರಡೂ ಒಂದೇ ಕಾರ್ಡಿನಲ್ಲಿ ಮುಖಾಮುಖಿಯಾದ ಒಂದು ಪ್ರಸಂಗವಿದೆ. ಟಾರ್ಮೊಗಾಯ್ಫ್ 2007ರಲ್ಲಿ ಬಂದ ಎರಡು ಮನಾದ ಜೀವಿ. ಸತ್ತ ಮತ್ತು ಬಳಸಿ ಮುಗಿದ ಕಾರ್ಡುಗಳ ರಾಶಿಯಲ್ಲಿ ಎಷ್ಟು ಬಗೆ ಸೇರಿದರೆ ಅಷ್ಟು ಬೆಳೆಯುತ್ತದೆ. ಒಂದು ಕಾಲದಲ್ಲಿ ಒಂದು ಪ್ರತಿಗೆ 200 ಡಾಲರ್‌ವರೆಗೂ ಹೋಗಿತ್ತು. 2015ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ದೊಡ್ಡ ಟೂರ್ನಿಯ ಕೊನೆಯ ಎಂಟು ಜನರ ಡ್ರಾಫ್ಟ್‌ನಲ್ಲಿ ಪ್ಯಾಸ್ಕಲ್ ಮೇನಾರ್ಡ್ ಎಂಬ ಹೆಸರಾಂತ ಆಟಗಾರ ಪ್ಯಾಕು ಒಡೆದಾಗ ಹೊಳಪು ಮುದ್ರಣದ ಟಾರ್ಮೊಗಾಯ್ಫ್ ಸಿಕ್ಕಿತು. ಅದೇ ಪ್ಯಾಕಿನಲ್ಲಿ ಅವರ ಡೆಕ್ಕಿಗೆ ಹೇಳಿ ಮಾಡಿಸಿದಂಥ ಬರ್ಸ್ಟ್ ಲೈಟ್ನಿಂಗ್ ಎಂಬ ಸಾಮಾನ್ಯ ಕಾರ್ಡೂ ಇತ್ತು. ಮೇನಾರ್ಡ್ ಟಾರ್ಮೊಗಾಯ್ಫ್ ಇಟ್ಟುಕೊಂಡರು, ಟೂರ್ನಿ ಗೆಲ್ಲಲಿಲ್ಲ. ದುಡ್ಡಿಗಾಗಿ ಗೆಲುವು ಬಿಟ್ಟರು ಎಂದು ಕೆಲವು ಘಟಾನುಘಟಿಗಳು ಟೀಕಿಸಿದರು. ಆ ಗದ್ದಲದಿಂದಲೇ ಪ್ರಸಿದ್ಧವಾದ ಆ ಪ್ರತಿ ಹರಾಜಿನಲ್ಲಿ 14,900 ಡಾಲರಿಗೆ ಹೋಯಿತು, ಅರ್ಧ ಹಣವನ್ನು ಅವರು ದಾನಕ್ಕೆ ಕೊಟ್ಟರು.

ನಾನು ಮೇನಾರ್ಡ್ ಅವರನ್ನು ದೂರುವುದಿಲ್ಲ. ಆದರೆ ಆ ಮೇಜಿನಲ್ಲಿ ಬಲವಾದ ಕಾರ್ಡು ಬರ್ಸ್ಟ್ ಲೈಟ್ನಿಂಗ್, ಬೆಲೆಯ ಕಾರ್ಡು ಟಾರ್ಮೊಗಾಯ್ಫ್ ಎಂಬ ವ್ಯತ್ಯಾಸವನ್ನು ಹೊಸಬರು ಕಾಣಬೇಕು. ಮುಂದೇನಾಯಿತು ಎಂಬುದನ್ನೂ ಗಮನಿಸಿ. ಟಾರ್ಮೊಗಾಯ್ಫ್ ಮತ್ತೆ ಮತ್ತೆ ಅಚ್ಚಾಯಿತು, ಅದನ್ನು ಮೀರಿಸುವ ಹೊಸ ಕಾರ್ಡುಗಳೂ ಬಂದವು. ಇಂದು ಅದರ ಬೆಲೆ ಅಂದಿನ ಒಂದು ಸಣ್ಣ ಪಾಲು. ಆಡುತ್ತಲೇ ಇದ್ದವರಿಗೆ ಅದರಿಂದ ನಷ್ಟವಿಲ್ಲ, ಅವರು ವರ್ಷಗಟ್ಟಲೆ ಆಡಿ ಸುಖಪಟ್ಟಿದ್ದರು. ಲಾಭಕ್ಕೆಂದು ಕೂಡಿಟ್ಟವರಿಗೆ ಮಾತ್ರ ಪೆಟ್ಟು ಬಿತ್ತು.

2024ರ ಸೆಪ್ಟೆಂಬರ್ 23ರಂದು ಕಮಾಂಡರ್‌ನ ನಿಯಮ ಸಮಿತಿ ಮನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್, ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್ ಎಂಬ ದುಬಾರಿ ಕಾರ್ಡುಗಳನ್ನು ನಾಡೂ ಜೊತೆಗೆ ಬ್ಯಾನ್ ಮಾಡಿತು. ಸಮಿತಿಯವರು ಸ್ವಯಂಸೇವಕರು, ಆಟದ ಮೇಲಿನ ಪ್ರೀತಿಗೆ ದುಡಿಯುತ್ತಿದ್ದವರು. ಬೆಲೆ ಕುಸಿದ ಕೋಪಕ್ಕೆ ಅವರಿಗೆ ಬೆದರಿಕೆಗಳು ಬಂದವು. ಒಂದೇ ವಾರದಲ್ಲಿ ಅವರು ಫಾರ್ಮ್ಯಾಟಿನ ಹೊಣೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಆ ಬ್ಯಾನ್ ಆಟಕ್ಕೆ ಸರಿಯಾಗಿತ್ತು ಎಂದು ನಾನು ನಂಬುತ್ತೇನೆ. ಮೊದಲ ಸರದಿಯಲ್ಲೇ ಒಬ್ಬರು ಮೂವರನ್ನು ಹಿಂದೆ ಹಾಕಿಬಿಡುವ ಕಾರ್ಡುಗಳವು. ಆದರೆ ಬಲದ ಬಗ್ಗೆ ಮಾಡಿದ ತೀರ್ಮಾನಕ್ಕೆ ಬೆಲೆಯ ಹೆಸರಿನಲ್ಲಿ ಶಿಕ್ಷೆಯಾಯಿತು. ಕಾರ್ಡನ್ನು ಆಸ್ತಿ ಎಂದು ಕಾಣಲು ಶುರುಮಾಡಿದರೆ ಆಟವನ್ನು ಸರಿಪಡಿಸುವವರೇ ವೈರಿಗಳಾಗಿ ಕಾಣುತ್ತಾರೆ.

ಶುರು ಮಾಡುವವರಿಗೆ

ಮೊದಲು ದುಡ್ಡಿಲ್ಲದೆ ಕಲಿಯಿರಿ. ಮ್ಯಾಜಿಕ್ ಅರೀನಾ ಎಂಬ ಆ್ಯಪ್ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಉಚಿತವಾಗಿ ಸಿಗುತ್ತದೆ, ನಿಯಮಗಳನ್ನು ಹೆಜ್ಜೆಹೆಜ್ಜೆಯಾಗಿ ಕಲಿಸುತ್ತದೆ. ಬೆಂಗಳೂರಿನಂಥ ಊರುಗಳಲ್ಲಿ ಕೂತು ಆಡುವ ಗುಂಪುಗಳಿವೆ. ಹೋಗಿ ಒಂದು ಸಂಜೆ ಬರೀ ನೋಡಿ. ಕೇಳಿದರೆ ಹೆಚ್ಚಿನವರು ತಮ್ಮ ಇನ್ನೊಂದು ಡೆಕ್ಕನ್ನು ಆಡಲು ಕೊಡುತ್ತಾರೆ.

ಕೊಳ್ಳುವುದಾದರೆ ಸಿದ್ಧ ಡೆಕ್ಕಿನಿಂದ ಶುರುಮಾಡಿ. ಹತ್ತಾರು ಆಟ ಆಡಿದ ಮೇಲೆ ಯಾವುದು ಸಾಲದು ಎಂದು ನಿಮಗೇ ತಿಳಿಯುತ್ತದೆ, ಆಗ ಬೇಕಾದ ಕಾರ್ಡುಗಳನ್ನು ಬಿಡಿಯಾಗಿ ಕೊಳ್ಳಿ. ಬೇಕಾದ ಒಂದು ಕಾರ್ಡಿಗಾಗಿ ಪ್ಯಾಕಿನ ಮೇಲೆ ಪ್ಯಾಕು ಒಡೆಯಬೇಡಿ. ಪ್ಯಾಕು ಇರುವುದು ಡ್ರಾಫ್ಟ್ ಆಡಲು. ಹೊರದೇಶದಿಂದ ತರಿಸುವಾಗ ಸಾಗಣೆ, ಸುಂಕ ಸೇರಿ ಬೆಲೆ ಏರುವುದರಿಂದ ಗೆಳೆಯರೆಲ್ಲ ಒಟ್ಟಿಗೆ ತರಿಸುವುದು ಲೇಸು. ಕಾರ್ಡಿಗೆ ಪ್ಲಾಸ್ಟಿಕ್ ಕವರು ಹಾಕಿ. ನಮ್ಮ ಮಳೆಗಾಲದ ತೇವಕ್ಕೆ ಹೊಳಪು ಮುದ್ರಣದ ಕಾರ್ಡು ಬೇಗ ಬಾಗುತ್ತದೆ.

ದುಬಾರಿ ಕಾರ್ಡು ಕೊಳ್ಳುವಾಗ ನಕಲಿಯ ಬಗ್ಗೆ ಎಚ್ಚರವಿರಲಿ. ಕಾರ್ಡಿನ ಹಿಂಬದಿಯಲ್ಲಿ ಐದು ಬಣ್ಣದ ಚುಕ್ಕೆಗಳಿವೆ. ಹಸಿರು ಚುಕ್ಕೆಯನ್ನು ಒಳ್ಳೆಯ ಭೂತಗನ್ನಡಿಯಲ್ಲಿ ನೋಡಿದರೆ, ಅಸಲಿ ಕಾರ್ಡಿನಲ್ಲಿ ನಾಲ್ಕು ಕೆಂಪು ಕಣಗಳು ಮೂಲೆಮಟ್ಟದ ಆಕಾರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅನೇಕ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ನಕಲಿ ಬೇರೆ, ಪ್ರಾಕ್ಸಿ ಬೇರೆ. ಇಲ್ಲದ ಕಾರ್ಡಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕವರಿನೊಳಗೆ ಇಟ್ಟು ಗೆಳೆಯರ ನಡುವೆ ಆಡುವುದು ಪ್ರಾಕ್ಸಿ. ಅದರಲ್ಲಿ ಮೋಸವಿಲ್ಲ, ಅಧಿಕೃತ ಟೂರ್ನಿಯಲ್ಲದ ಕಡೆ ಹಾಗೆ ಆಡುವುದಕ್ಕೆ ಕಂಪನಿಯ ತಕರಾರೂ ಇಲ್ಲ. ಕೂತವರ ಒಪ್ಪಿಗೆ ಕೇಳಿದರಾಯಿತು. ಆನ್ಸೆಸ್ಟ್ರಲ್ ರಿಕಾಲ್ ಆಡಿದರೆ ಹೇಗಿರುತ್ತದೆ ಎಂದು ತಿಳಿಯಲು ಯಾರೂ ಸಾವಿರಾರು ಡಾಲರ್ ಕೊಡಬೇಕಾಗಿಲ್ಲ.

ಒಂದು ಮಾತು ಮಾತ್ರ ಯಾವಾಗಲೂ ಮನಸ್ಸಿನಲ್ಲಿರಲಿ. ಆಟದಿಂದ ಬೆಲೆ ಹುಟ್ಟಿತೇ ಹೊರತು ಬೆಲೆಯಿಂದ ಆಟ ಹುಟ್ಟಲಿಲ್ಲ. ಬ್ಲ್ಯಾಕ್ ಲೋಟಸ್‌ಗೆ ಇಂದು ಲಕ್ಷಗಟ್ಟಲೆ ಡಾಲರ್ ಕೊಡುವವರು ಇದ್ದಾರೆಂದರೆ, ಅದಕ್ಕೆ ಕಾರಣ ಮೂವತ್ತು ವರ್ಷಗಳಿಂದ ಕಾಮನ್ ಕಾರ್ಡುಗಳನ್ನು ಹಿಡಿದು ಶನಿವಾರ ಭಾನುವಾರ ಆಡುತ್ತ ಬಂದ ಲಕ್ಷಾಂತರ ಜನ. ಅವರು ಆಡುವುದನ್ನು ಬಿಟ್ಟ ದಿನ ಆ ಬೆಲೆಯೂ ಉಳಿಯುವುದಿಲ್ಲ. ಆದ್ದರಿಂದ ಬ್ಯಾನ್ ಬಂದಾಗ, ರೀಪ್ರಿಂಟ್ ಬಂದಾಗ, ಹೊಸ ಕಾರ್ಡು ಬಂದಾಗ ನಿಮ್ಮ ಮೊದಲ ಪ್ರಶ್ನೆ ಇದಾಗಿರಲಿ: ಇದರಿಂದ ನಾಳೆ ಮೇಜಿಗೆ ಬಂದು ಕೂರುವವರು ಹೆಚ್ಚುತ್ತಾರೆಯೇ, ಕಡಿಮೆಯಾಗುತ್ತಾರೆಯೇ? ಹೆಚ್ಚುತ್ತಾರೆ ಎನ್ನುವುದಾದರೆ, ನಿಮ್ಮ ಕೈಯಲ್ಲಿರುವ ಕಾರ್ಡಿನ ಬೆಲೆ ಸ್ವಲ್ಪ ಇಳಿದರೂ, ಅದರ ಪರವಾಗಿ ನಿಲ್ಲಿ.